ಬಿಚ್ಚಬಾರದಿದ್ದ ಪೇಟ

ಮೈಸೂರಿನ ಒಂದು ಸಣ್ಣ ಸಂಗ್ರಹಾಲಯದಲ್ಲಿ ಹಳೇ ಬಟ್ಟೆಗಳ ಉಸ್ತುವಾರಿ ನನ್ನ ಪಾಲಿಗೆ ಬಂದಾಗ ಅಲ್ಲಿದ್ದದ್ದು ಮೂರು ಕಬ್ಬಿಣದ ಟ್ರಂಕು, ಒಂದು ಬೀರು, ಜೊತೆಗೆ ತಲೆ ಸುತ್ತುವಷ್ಟು ನುಸಿಗುಳಿಗೆ ವಾಸನೆ. ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸಿದ್ದರು. ಹಳೆಯ ರೇಷ್ಮೆ ಸೀಳುವುದು ಮಡಿಕೆಯಲ್ಲೇ. ಜರಿ ಎಂದರೆ ನೂಲಿನ ಮೈಗೆ ಸುತ್ತಿದ ತೆಳು ಬೆಳ್ಳಿ ಎಳೆ. ಒಂದೇ ಕಡೆ ವರ್ಷಗಟ್ಟಲೆ ಬಾಗಿದರೆ ಮುರಿದು, ಆ ಚೂಪಿಗೆ ಪಕ್ಕದ ರೇಷ್ಮೆಯೂ ಕತ್ತರಿಸಿಹೋಗುತ್ತದೆ. ಒಂದು ಸೀರೆಯ ಸೆರಗು ಎತ್ತಿದೆ. ಸುಟ್ಟ ಹಪ್ಪಳದ ಹಾಗೆ ಚೂರಾಗಿ ಕೈಯಲ್ಲೇ ಉಳಿಯಿತು.

ಮಡಿಸುವುದು ಬಿಟ್ಟು ಸುತ್ತಿಡಲು ಶುರುಮಾಡಿದೆ. ದುಬಾರಿ ಕೊಳವೆ ತರಿಸಲು ದುಡ್ಡಿರಲಿಲ್ಲ. ಬಟ್ಟೆ ಅಂಗಡಿಯವರು ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆ ಕೇಳಿ ತಂದೆ. ರಟ್ಟಿನ ಆಮ್ಲ ಬಟ್ಟೆಗೆ ಇಳಿಯದ ಹಾಗೆ ಅದಕ್ಕೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ತೆಳು ಹತ್ತಿಯ ಮಲ್ಲು ಬಟ್ಟೆ. ಮಲ್ಲನ್ನು ಬಿಸಿನೀರಿನಲ್ಲಿ ಮೂರು ಸಲ ಒಗೆದು ಗಂಜಿ ಬಿಡಿಸಿಕೊಂಡೆ. ಇಲ್ಲದಿದ್ದರೆ ಗಂಜಿ ತಿನ್ನುವ ಬೆಳ್ಳಿಮೀನು ಹುಳುಗಳಿಗೆ ನಾವೇ ಎಲೆ ಹಾಕಿ ಬಡಿಸಿದಂತೆ. ಕಟ್ಟಲು ರಬ್ಬರ್ ಬ್ಯಾಂಡ್ ಕೂಡದು, ಅದರ ಗಂಧಕಕ್ಕೆ ಜರಿ ಕಪ್ಪಾಗುತ್ತದೆ. ಕಪ್ಪಾದ ಜರಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಎಂದು ಹೇಳಿದವರೂ ಇದ್ದರು. ಅದೇನು ದೇವರ ಮನೆಯ ಪಂಚಪಾತ್ರೆಯೇ?

ದಾಖಲೆ ಬರೆಯುವುದು ಇನ್ನೊಂದು ತಾಪತ್ರಯ. ಕೊಟ್ಟವರ ಮಾತನ್ನೇ ಇಳಿಸಿಬಿಟ್ಟಿದ್ದ ಪುಸ್ತಕದಲ್ಲಿ ಒಂದು ಕ್ರೇಪ್ ಸೀರೆಗೆ ‘ಮೈಸೂರು ಸಿಲ್ಕ್ ಕಾರ್ಖಾನೆಯದು, 1890’ ಎಂದಿತ್ತು. ನಾಲ್ವಡಿಯವರು ರೇಷ್ಮೆ ನೇಯ್ಗೆ ಕಾರ್ಖಾನೆ ತೆರೆದದ್ದೇ 1912ರಲ್ಲಿ. ಹಳೆಯದನ್ನು ಹೊಡೆದುಹಾಕದೆ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆದೆ.

ಇಪ್ಪತ್ತು ಸೀರೆ ಸುತ್ತಿದ ಮೇಲೆ ಕೈಗೆ ಸ್ವಲ್ಪ ಸೊಕ್ಕು ಬಂದಿತ್ತು ಅಂತ ಕಾಣುತ್ತದೆ. ಬೀರುವಿನಲ್ಲಿ ಎರಡು ಮೈಸೂರು ಪೇಟಗಳಿದ್ದವು, ಕಟ್ಟಿ ಅಲ್ಲಲ್ಲಿ ಹೊಲಿಗೆ ಹಾಕಿದ್ದವು. ಒಂದು ಅರ್ಧ ಕುಸಿದಿತ್ತು. ಮಡಿಕೆ ಕೆಟ್ಟದ್ದು ಎಂಬ ಪಾಠ ತಲೆಯಲ್ಲಿ ಗಟ್ಟಿಯಾಗಿತ್ತಲ್ಲ, ಹೊಲಿಗೆ ಕತ್ತರಿಸಿ ಬಿಚ್ಚಿದೆ. ಅಳೆದರೆ ಒಂಬತ್ತು ಮೀಟರ್. ನೀಟಾಗಿ ಕೊಳವೆಗೆ ಸುತ್ತಿದೆ, ಖುಷಿಯೂ ಪಟ್ಟೆ.

ಮರುವಾರ ಪೇಟ ಕಟ್ಟುವ ಹಿರಿಯರೊಬ್ಬರು ಬಂದರು. ಕೊಳವೆ ನೋಡಿ, “ಇದ್ಯಾಕೆ ಮೇಡಂ, ಬಿಚ್ಬುಟ್ರಾ?” ಎಂದರು. ಹಾಳಾಗಬಾರದೆಂದು ಎಂದೆ. “ಬಟ್ಟೆ ಅಂಗ್ಡೀಲೂ ಸಿಗುತ್ತೆ ತಾಯಿ. ಕಟ್ಟಿದೋನ ಕೈ ಎಲ್ಲಿ ತರ್ತೀರಾ?”

ಬಟ್ಟೆಯನ್ನು ಮತ್ತೆ ಹಾಸಿ ನೋಡಿದೆವು. ಕಟ್ಟಿದ್ದಾಗ ಹಣೆಯ ನೇರಕ್ಕೆ ಒಂದೇ ಪಟ್ಟಿಯಾಗಿದ್ದ ಬೆವರಿನ ಕಲೆ ಈಗ ಉದ್ದಕ್ಕೂ ಚದುರಿದ ಕಂದು ಚುಕ್ಕೆ. ಒಂದು ಕಡೆ ಕುಂಕುಮದ ಗುರುತೂ ಇತ್ತು. ತಲೆಯ ಯಾವ ಭಾಗದ್ದು ಅದು? ಹೇಳುವ ದಾರಿಯೇ ಉಳಿದಿರಲಿಲ್ಲ, ಬಿಚ್ಚುವ ಮೊದಲು ಒಂದು ಫೋಟೋ ಕೂಡ ತೆಗೆದಿರಲಿಲ್ಲ.

ಅವರೇ ಹೇಳಿ ನನ್ನನ್ನು ಅರಮನೆಗೆ ಕಳಿಸಿದರು. ಕಲ್ಯಾಣ ಮಂಟಪದ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳನ್ನು ಎಷ್ಟೋ ಸಲ ನೋಡಿದ್ದೆ, ಆನೆ ಕುದುರೆಗಳ ಮೇಲೇ ಕಣ್ಣು. ಈ ಸಲ ಬರೀ ತಲೆಗಳನ್ನು ನೋಡಿದೆ. ಎಲ್ಲವೂ ಪೇಟವೇ, ಆದರೆ ಸುತ್ತು ಏರುವ ಓರೆ, ಜರಿ ಅಂಚು ಎದ್ದು ಕಾಣುವ ಜಾಗ, ಕಿವಿಯ ಮೇಲಿನ ಎತ್ತರ ಎಲ್ಲರದೂ ಒಂದೇ ಥರ ಇಲ್ಲ.

ಬಿಚ್ಚಿದ್ದನ್ನು ಮತ್ತೆ ಕಟ್ಟಿಕೊಡುತ್ತೇನೆಂದರು. ಬೇಡವೆಂದೆ, ಕಟ್ಟಿದರೆ ಅದು ಅವರ ಪೇಟ ಆಗುತ್ತದೆ. ಬದಲಿಗೆ ಹೊಸ ಬಟ್ಟೆ ಕೊಟ್ಟೆ. ಅವರು ತಮ್ಮ ಮಂಡಿಯ ಮೇಲೇ ಕಟ್ಟಿ ತೋರಿಸಿದರು, ಒಂದೊಂದು ಸುತ್ತಿಗೂ ಫೋಟೋ ತೆಗೆದುಕೊಂಡೆ. ದಾಖಲೆ ಪುಸ್ತಕದಲ್ಲಿ ಹಳೆಯದರ ಮುಂದೆ ‘ಕಟ್ಟು ಬಿಚ್ಚಲಾಗಿದೆ’ ಎಂದು ತಾರೀಖಿನ ಸಮೇತ ಸಹಿ ಹಾಕಿದ್ದೇನೆ.

ಎರಡನೆಯ ಪೇಟ ಹಾಗೇ ಇದೆ. ಒಳಗೆ ಮಲ್ಲಿನಲ್ಲಿ ಕಟ್ಟಿದ ಹತ್ತಿಯ ಗಂಟೊಂದನ್ನು ತಲೆಯಳತೆಗೆ ಮಾಡಿ ಇಟ್ಟಿದ್ದೇನೆ, ಕಿಟಕಿಯ ಬೆಳಕು ಬೀಳದ ಕಡೆ.