ಬೆಳ್ಳಿಯ ಇಪ್ಪತ್ತು ಬಿಟ್ಟು ಎರಡು ರೂಪಾಯಿ ಕೊಂಡೆ

ಮೊದಮೊದಲು ಕಣ್ಣಿಗೆ ಬಿದ್ದ ಸ್ಮರಣಾರ್ಥ ನಾಣ್ಯವನ್ನೆಲ್ಲ ಕೊಳ್ಳುತ್ತಿದ್ದೆ. ಆಲ್ಬಂ ತುಂಬಿತು, ತೆರೆದರೆ ಸಂತೆಯ ಹಾಗೆ ಕಾಣುತ್ತಿತ್ತು. ನಮ್ಮದು ಮಂಡ್ಯ ಕಡೆಯ ಒಕ್ಕಲು ಮನೆತನ. ಹಾಗಾಗಿ ಅನ್ನ, ಬೇಸಾಯ ಎಂದು ಬೇಲಿ ಹಾಕಿಕೊಂಡೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶಯಗಳಿಗೆ ಹೊಂದುವಂತೆ ಭಾರತ ಹೊರತಂದ ನಾಣ್ಯಗಳದ್ದೇ ಒಂದು ಸಾಲಿದೆ. 1970ರ ಕಮಲದ ಇಪ್ಪತ್ತು ಪೈಸೆ, 1985ರ ಅರಣ್ಯದ ಇಪ್ಪತ್ತೈದು ಪೈಸೆ, 1987ರ ಸಣ್ಣ ರೈತರ ಒಂದು ರೂಪಾಯಿ, ಮರುವರ್ಷದ ಮಳೆಯಾಶ್ರಿತ ಬೇಸಾಯದ ಒಂದು ರೂಪಾಯಿ, 1993ರ ಜೀವವೈವಿಧ್ಯದ ಎರಡು ರೂಪಾಯಿ. ಇವುಗಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸಿಕ್ಕಿದ್ದಕ್ಕೆ ಶಾಯಿ, ಸಿಗಬೇಕಾದ್ದಕ್ಕೆ ಪೆನ್ಸಿಲ್.

ಕಳೆದ ಸಲ ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕೆ ಹೋದಾಗ ಎರಡು ಪೆನ್ಸಿಲ್ ಸಾಲುಗಳು ಒಂದೇ ಮೇಜಿನ ಮೇಲೆ ಎದುರಾದವು. ಒಂದು 1973ರ ‘ಹೆಚ್ಚು ಅನ್ನ ಬೆಳೆಯಿರಿ’ ಆಶಯದ ಇಪ್ಪತ್ತು ರೂಪಾಯಿ. 30 ಗ್ರಾಂ ತೂಕ, 44 ಮಿಲಿಮೀಟರ್ ಅಗಲ, ಅರ್ಧ ಭಾಗ ಬೆಳ್ಳಿ. ಅಂಗೈಯಲ್ಲಿಟ್ಟರೆ ಗತ್ತು ಗೊತ್ತಾಗುತ್ತದೆ. ಇನ್ನೊಂದು 1995ರ ಕೃಷಿ ಮೇಳ ‘ಅಗ್ರಿಎಕ್ಸ್‌ಪೋ’ ನೆನಪಿನ ಎರಡು ರೂಪಾಯಿ. ಹನ್ನೊಂದು ಮೂಲೆಯ ತಾಮ್ರ-ನಿಕ್ಕಲ್ ಬಿಲ್ಲೆ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುತ್ತಿದ್ದಂಥದ್ದು.

ಕೈ ಮೊದಲು ಹೋದದ್ದು ಬೆಳ್ಳಿಗೇ. ಬೆಳ್ಳಿ ನಾಣ್ಯಕ್ಕೆ ನಾನು ಮೊದಲು ಹಾಕುವುದು ಲೋಹದ ಲೆಕ್ಕ: ಇದರಲ್ಲಿರುವುದು 15 ಗ್ರಾಂ ಬೆಳ್ಳಿ. ಅದಕ್ಕೆ ಕೊಳ್ಳುವ ದಿನದ ದರ ಕಟ್ಟಿ, ವ್ಯಾಪಾರಿ ಹೇಳುವ ಬೆಲೆಯಿಂದ ಕಳೆದರೆ ಉಳಿಯುವುದು ನಾಣ್ಯದ ಬೆಲೆ. ಬೆಳ್ಳಿ ಏರಿದ ದಿನ ಸಾಧಾರಣ ಬಿಲ್ಲೆಯೂ ಅಪರೂಪದ ವೇಷ ಹಾಕುತ್ತದೆ, ಅದಕ್ಕೇ ಈ ಕಳೆಯುವ ಲೆಕ್ಕ. ಆಮೇಲೆ ದೀಪದಡಿ ಓರೆಯಾಗಿ ತಿರುಗಿಸುತ್ತೇನೆ. ಚಲಾವಣೆ ಕಾಣದ ನಾಣ್ಯದ ಮೇಲೆ ಹೊಳಪು ಗಾಲಿಯ ಅರಗಳಂತೆ ಸುತ್ತುತ್ತದೆ. ಇದರ ಮೇಲೆ ಸುತ್ತಲಿಲ್ಲ. ಭೂತಗನ್ನಡಿ ಹಿಡಿದರೆ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ. ಯಾರೋ ಉಜ್ಜಿ ತೊಳೆದಿದ್ದರು.

ಆ ಗೀರುಗಳ ಗುರುತು ನನಗೆ ಮನೆಯಲ್ಲೇ ಸಿಕ್ಕಿತ್ತು. ಹಿಂದೊಮ್ಮೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮ ಬೆಳ್ಳಿ ದೀಪಗಳ ಜೊತೆಗೆ ನನ್ನ 1972ರ ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ ಹತ್ತು ರೂಪಾಯಿಯನ್ನೂ ವಿಭೂತಿ ಹಾಕಿ ಫಳಫಳ ತಿಕ್ಕಿ ಕಲಶದ ಮುಂದಿಟ್ಟಿದ್ದರು. ದೇವಿಗೆ ಒಪ್ಪಿತು, ಸಂಗ್ರಾಹಕರಿಗೆ ಒಪ್ಪುವುದಿಲ್ಲ. ಅಮ್ಮನನ್ನು ಬೈಯಲು ನನಗೆ ಬಾಯಿಯೂ ಇರಲಿಲ್ಲ. ಹಿತ್ತಾಳೆ ಬಣ್ಣದ ಕಮಲದ ಇಪ್ಪತ್ತು ಪೈಸೆಗಳು ಇಷ್ಟು ಚೆನ್ನಾಗಿ ಉಳಿದು ನನ್ನ ಕೈಸೇರಿದ್ದು ಅವರು ಲಕ್ಷ್ಮಿಯ ಹೆಸರಿನಲ್ಲಿ ಡಬ್ಬಿಯಲ್ಲಿ ಕೂಡಿಟ್ಟಿದ್ದರಿಂದಲೇ.

“ಬೆಳ್ಳಿ ಬಿಟ್ಟು ಇದನ್ನು ನೋಡುತ್ತೀರಲ್ಲ ಸಾರ್” ಎಂದು ವ್ಯಾಪಾರಿ ನಕ್ಕ. ಎರಡು ರೂಪಾಯಿಯ ಸಿಂಹಗಳ ಎದೆ, ಮೂತಿ ನೋಡುತ್ತಿದ್ದೆ. ಉಬ್ಬಿದ ಜಾಗ ಮೊದಲು ಸವೆಯುತ್ತದೆ. ಇಲ್ಲಿ ಒಂದು ಗೆರೆಯೂ ಕರಗಿರಲಿಲ್ಲ, ಹೊಳಪೂ ಸುತ್ತುತ್ತಿತ್ತು. ಬೆಳ್ಳಿಯ ನಾಣ್ಯವನ್ನು ಕೊಂಡವರು ಮೊದಲ ದಿನದಿಂದಲೇ ಜೋಪಾನ ಮಾಡಿದ್ದಾರೆ. ಕಾದರೆ ಒಳ್ಳೆಯದೊಂದು ಬಂದೇ ಬರುತ್ತದೆ. ಎರಡು ರೂಪಾಯಿಯನ್ನು ಯಾರು ಎತ್ತಿಡುತ್ತಾರೆ? ಅದು ಉಪ್ಪು, ಬೀಡಿ, ಬಸ್ ಟಿಕೆಟ್ ಎಂದು ಸುತ್ತಿ ಸವೆದು ಹೋಗುತ್ತದೆ. ಹಾಗೆ ಸುತ್ತಬೇಕಾದ ನಾಣ್ಯ ಸುತ್ತದೆ ಉಳಿದಿದ್ದರೆ ನನಗೆ ಅದೇ ಅಪರೂಪ. ತಿಂಗಳಿಗೆ 1,000 ರೂಪಾಯಿಯ ಮಿತಿ ಹಾಕಿಕೊಂಡವನು ನಾನು. ಬೆಳ್ಳಿಗಾದರೆ ಮುಂದಿನ ತಿಂಗಳುಗಳಿಂದಲೂ ಸಾಲ ಪಡೆಯಬೇಕಿತ್ತು, ಇದಕ್ಕೆ ಕೊಟ್ಟು ಊಟಕ್ಕೂ ಮಿಕ್ಕಿತು.

ಮನೆಗೆ ಬಂದು ಮೊದಲು ಮಾಡಿದ್ದು ಅದರ ಪಿವಿಸಿ ಕವರ್ ತೆಗೆದದ್ದು. ಆ ಪ್ಲಾಸ್ಟಿಕ್ಕಿನೊಳಗೆ ವರ್ಷಗಟ್ಟಲೆ ಬಿಟ್ಟರೆ ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಅಂಚಷ್ಟೇ ಹಿಡಿದು, ನಾಣ್ಯಕ್ಕೆ ಜಿಡ್ಡು ಹಿಡಿಸದ ಮೈಲಾರ್ ಎಂಬ ಪಾರದರ್ಶಕ ಹಾಳೆಯ ಚೌಕಕ್ಕೆ ಸೇರಿಸಿದೆ.

ಅಷ್ಟರಲ್ಲಿ ನೆಂಟರೊಬ್ಬರು ವಿಡಿಯೊ ಕಳಿಸಿದ್ದರು: 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಂತೆ! ನನ್ನ ಬಳಿ ನಾಲ್ಕಿವೆ, ಹಾಗಾದರೆ ನಾನು ಲಕ್ಷಾಧೀಶ್ವರ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ ಎಂದು ಉತ್ತರಿಸಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಪಟ್ಟಿಯಲ್ಲಿ ಈಗ ಪೆನ್ಸಿಲ್ಲಿನ ಮೊದಲ ಸಾಲು ಅರಣ್ಯದ ಇಪ್ಪತ್ತೈದು ಪೈಸೆ. ಸವೆದವು ಎರಡಿವೆ, ಸವೆಯದ್ದು ಬೇಕು. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಾಗ ಮನೆಯಲ್ಲಿದ್ದ ಒಂದು ಡಬ್ಬಿಯನ್ನು ನೋಡದೆಯೇ ಬ್ಯಾಂಕಿಗೆ ಸುರಿದು ಬಂದವನು ನಾನೇ.