ಅಮೆರಿಕನ್ ನದಿಯ ಶ್ಯಾಡ್‌ಗೆ ಯಾವ ರಾಡ್, ಯಾವ ಲೈನ್?

ಮೇ ತಿಂಗಳು ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಡೆಯ, 'ಅಮೆರಿಕನ್' ಅನ್ನೋ ಹೆಸರಿನ ನದಿಗೆ ಹೋಗುವ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಶ್ಯಾಡ್ ಮೀನು ಹಿಡಿಯೋಕೆ ಯಾವ ಫ್ಲೈ ರಾಡ್ ತಗೊಳ್ಳಲಿ?" (ಫ್ಲೈ ಅಂದರೆ ದಾರ, ರೋಮ, ಗರಿ ಸುತ್ತಿದ ಪುಟ್ಟ ಗಾಳ; ಅದನ್ನು ಎಸೆಯುವ ಕೋಲು ರಾಡ್, ದಪ್ಪ ದಾರ ಲೈನ್.) ಅಷ್ಟರಲ್ಲಿ ಅವರ ಫೋನಿನಲ್ಲಿ ಎಂಟುನೂರು ಡಾಲರಿನ ರಾಡಿನ ಚಿತ್ರ ಬಂದು ಕೂತಿರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ. ರಾಡಿಗೆ ಅಷ್ಟು ಸುರಿಯಬೇಡಿ, ಆ ದುಡ್ಡಿನಲ್ಲಿ ಸ್ವಲ್ಪ ಲೈನಿಗೆ ಹಾಕಿ. ಶ್ಯಾಡ್ ಸಿಗುತ್ತದೋ ಇಲ್ಲವೋ ಅನ್ನುವುದು ನಿಮ್ಮ ಲೈನ್ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದರ ಮೇಲಿದೆ.

ಯಾಕೆ ಅಂತ ತಿಳಿಯಲು ಮೀನಿನ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಅಮೆರಿಕನ್ ಶ್ಯಾಡ್ ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ನದಿ ಹತ್ತಿ ಬರುವ ಮೀನು. ನಮ್ಮ ಹೊನ್ನಾವರದ ಕಡೆಯ ತಾರ್ಲೆಗೆ, ಬಂಗಾಳಿಗಳ ಇಲಿಶ್‌ಗೆ ದೂರದ ನೆಂಟ. ಅದೇ ಬೆಳ್ಳಿ ಮೈ, ಮುಟ್ಟಿದರೆ ಕೈಗೆ ಅಂಟುವ ಅದೇ ಹುರುಪೆ, ಅದೇ ಹಾಳು ಮುಳ್ಳು. ಮೂಲದಲ್ಲಿ ಇದು ಅಟ್ಲಾಂಟಿಕ್ ಕಡೆಯದು. 1871ರಲ್ಲಿ ಸೇತ್ ಗ್ರೀನ್ ಎಂಬವರು ನ್ಯೂಯಾರ್ಕಿನಿಂದ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿಕೊಂಡು, ರೈಲಿನಲ್ಲಿ ಇಡೀ ದೇಶ ದಾಟಿ, ಸ್ಯಾಕ್ರಮೆಂಟೊ ನದಿಗೆ ತಂದು ಬಿಟ್ಟರು. ಈಗ ಇಲ್ಲಿ ಗಂಡು ಎರಡು ಮೂರು ಪೌಂಡ್ ತೂಗುತ್ತದೆ. ಮೊಟ್ಟೆ ತುಂಬಿದ ಹೆಣ್ಣು ನಾಲ್ಕರ ಮೇಲೂ ಹೋಗುತ್ತದೆ.

ನದಿಗೆ ಬಂದ ಮೇಲೆ ಇದು ಹೆಚ್ಚೇನೂ ತಿನ್ನುವುದಿಲ್ಲ. ಹೊಟ್ಟೆ ಹಸಿದು ನಿಮ್ಮ ಫ್ಲೈ ಹುಡುಕಿಕೊಂಡು ಬರುವ ಮೀನಲ್ಲ. ಮೂಗಿನ ಮುಂದೆಯೇ ಹಾದುಹೋದರೆ ಕಚ್ಚುತ್ತದೆ. ಹಗಲು ಹೊತ್ತಿನಲ್ಲಿ ಅದರ ಮೂಗು ನದಿಯ ತಳದ ಹತ್ತಿರ ಇರುತ್ತದೆ. ಅಲ್ಲಿಗೆ ಫ್ಲೈ ಮುಟ್ಟಿಸುವುದೇ ನಮ್ಮ ಕೆಲಸ.

ರಾಡಿನ ಮಾತು ಬೇಗ ಮುಗಿಸುತ್ತೇನೆ. ಒಂಬತ್ತು ಅಡಿ ಅಥವಾ ಒಂಬತ್ತೂವರೆ ಅಡಿಯ 6 ವೇಟ್ ರಾಡ್ ಸಾಕು (ವೇಟ್ ಅಂದರೆ ರಾಡಿಗೆ ಹೊಂದುವ ಲೈನಿನ ತೂಕದ ಅಂಕಿ, ಅಂಕಿ ಹೆಚ್ಚಿದಷ್ಟೂ ರಾಡ್ ಗಡುಸು). ಟ್ರೌಟ್ ಹಿಡಿಯುವ 5 ವೇಟ್ ಮನೆಯಲ್ಲಿದ್ದರೆ ಸಂಜೆ ಹೊತ್ತಿನ ಹಗುರ ಲೈನಿಗೆ ಅದೂ ನಡೆಯುತ್ತದೆ. ಆದರೆ ಭಾರದ ಲೈನನ್ನು ನೀರಿನಿಂದ ಎತ್ತುವಾಗ ಅದು ಒದ್ದಾಡುತ್ತದೆ, ನಿಮ್ಮ ಭುಜವೂ ಒದ್ದಾಡುತ್ತದೆ. 8 ವೇಟ್ ಬೇಡ. ಶ್ಯಾಡಿನ ಬಾಯಿ ಕಾಗದದಷ್ಟು ತೆಳು. ಗಡುಸು ರಾಡಿನಲ್ಲಿ ಎಳೆದರೆ ಹರಿದು ಗಾಳ ಕೈಗೆ ಬರುತ್ತದೆ, ಮೀನು ನದಿಗೆ ಹೋಗುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ. ಹಿಡಿಯನ್ನು ನೀವು ಹಿಡಿದುಕೊಂಡು, ತುದಿಯನ್ನು ಅಂಗಡಿಯವರಿಗೆ ಮೆಲ್ಲಗೆ ಎಳೆಯಲು ಹೇಳಿ. ತುದಿಯ ಎರಡು ಅಡಿ ಮಾತ್ರ ಬಗ್ಗಿ ಉಳಿದದ್ದು ನೆಟ್ಟಗೆ ನಿಂತರೆ ವಾಪಸ್ ಕೊಡಿ. ಬಾಗು ನಡುವಿನವರೆಗೂ ಇಳಿಯಬೇಕು. "ಫಾಸ್ಟ್ ಆಕ್ಷನ್, ತುಂಬಾ ದೂರ ಹೋಗುತ್ತೆ ಮೇಡಂ" ಅಂದರೆ ನಕ್ಕು ಸುಮ್ನಿರಿ. ಸನ್‌ರೈಸ್ ಸೇತುವೆಯ ಹತ್ತಿರದಂಥ ಅಗಲ ಜಾಗದಲ್ಲಿ ಹನ್ನೊಂದು ಅಡಿಯ ಸ್ವಿಚ್ ರಾಡ್ ಹಿಡಿದವರು ಕಾಣುತ್ತಾರೆ. ಎರಡು ಕೈಯಲ್ಲಿ ಬೀಸುತ್ತಾರೆ, ಹಿಂದೆ ಗಿಡಮರ ಇದ್ದರೂ ಅವರಿಗೆ ತೊಂದರೆಯಿಲ್ಲ. ಚೆನ್ನಾಗಿಯೇ ಇದೆ, ಆದರೆ ಮೊದಲ ರಾಡ್ ಅದಾಗಬೇಕಿಲ್ಲ. ರೀಲು ಯಾವುದಾದರೂ ಆದೀತು. ಬಿಗಿ ಸರಿಯಾಗಿ ಹೊಂದಿಸಲು ಬಂದು, ಒಳಗೆ ನೂರು ಗಜ ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಕಟ್ಟುವ ತೆಳು ದಾರ, ಹಿಡಿಸಿದರೆ ಆಯಿತು.

ಇನ್ನು ಲೈನ್. ಫ್ಲೈಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ. ದೂರಕ್ಕೆ ಹೋಗುವುದು ಲೈನಿನ ತೂಕ, ಫ್ಲೈ ಅದರ ಹಿಂದೆ ಹೋಗುತ್ತದೆ. 6 ವೇಟ್ ಅಂದರೆ ಲೈನಿನ ಮೊದಲ 30 ಅಡಿ ಸುಮಾರು 160 ಗ್ರೇನ್, ಅಂದರೆ ಹತ್ತು ಗ್ರಾಂಗಿಂತ ಚೂರು ಜಾಸ್ತಿ, ತೂಗುತ್ತದೆ ಅಂತ ಲೆಕ್ಕ. 7 ವೇಟಿಗೆ 185, 8 ವೇಟಿಗೆ 210.

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಮಾಮೂಲಿ ತೇಲುವ ಲೈನ್, ಅದರ ತುದಿಗೆ ಹತ್ತು ಅಡಿಯ ಮುಳುಗುವ ತುಂಡು ಸಿಕ್ಕಿಸಿಕೊಳ್ಳುವುದು. ಹೊಸಬರಿಗೆ ನಾನು ಇದನ್ನೇ ಹೇಳುವುದು. ತುಂಡುಗಳನ್ನು ಕುಣಿಕೆಗೆ ಕುಣಿಕೆ ಹಾಕಿ ನದಿಯಲ್ಲೇ ಬದಲಿಸಬಹುದು. ಎರಡನೆಯದರಲ್ಲಿ ಹದಿನೈದು ಅಡಿ ಮುಳುಗುವ ತುದಿ ಲೈನಿನ ಜೊತೆಗೇ ಬರುತ್ತದೆ. ಬೀಸಲು ಸಲೀಸು, ಆದರೆ ನೀರು ಬದಲಾದರೆ ಲೈನನ್ನೇ ಬದಲಿಸಬೇಕು. ಮೂರನೆಯದು ಶೂಟಿಂಗ್ ಹೆಡ್. ಮೂವತ್ತು ಅಡಿಯ ಭಾರದ ಲೈನ್, ಅದರ ಹಿಂದೆ ತೆಳ್ಳನೆಯ ರನ್ನಿಂಗ್ ಲೈನ್. ಒಂದೇ ಬೀಸಿಗೆ ಸರ್ರನೆ ಹೋಗುತ್ತದೆ. ಇಲ್ಲಿನ ಹಳಬರು ಬಹಳ ಜನ ಇದನ್ನೇ ಹಿಡಿದಿರುತ್ತಾರೆ. ತಗೊಳ್ಳುವುದಾದರೆ 6 ವೇಟ್ ರಾಡಿಗೆ 7 ಅಥವಾ 8 ವೇಟಿನ ಹೆಡ್ ತಗೊಳ್ಳಿ. ಗಾಳಿಯಲ್ಲಿರುವುದು ಆ ಮೂವತ್ತು ಅಡಿ ಮಾತ್ರ ಆದ್ದರಿಂದ ರಾಡಿಗೆ ಹೊರೆ ಆಗುವುದಿಲ್ಲ.

ಈಗ ಅಸಲು ವಿಷಯ, ಮುಳುಗುವ ವೇಗ. ಡಬ್ಬಿಯ ಮೇಲೆ ಟೈಪ್ 3, ಟೈಪ್ 6 ಅಂತ ಬರೆದಿರುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟು ಇಂಚು ಇಳಿಯುತ್ತದೆ ಅಂತ ಅರ್ಥ. ಐದು ಅಡಿ ನೀರು ಅಂದುಕೊಳ್ಳಿ, 60 ಇಂಚು. ಟೈಪ್ 6ಕ್ಕೆ 10 ಸೆಕೆಂಡ್ ಬೇಕು, ಟೈಪ್ 3ಕ್ಕೆ 20. ನದಿ ಆರಾಮಾಗಿ ನಡೆಯುವಷ್ಟು ವೇಗದಲ್ಲಿ, ಸೆಕೆಂಡಿಗೆ ಮೂರು ಅಡಿಯಂತೆ ಹರಿಯುತ್ತಿದ್ದರೆ, ತಳ ಮುಟ್ಟುವಷ್ಟರಲ್ಲಿ ಮೊದಲನೆಯದು ಹರಿವಿನ ಜೊತೆ 30 ಅಡಿ ಮುಂದೆ ಹೋಗಿರುತ್ತದೆ, ಎರಡನೆಯದು 60 ಅಡಿ. ಅಷ್ಟು ಹೊತ್ತಿಗೆ ನಿಮ್ಮ ಲೈನ್ ಬಿಗಿಯಾಗಿ ದಡದ ಕಡೆ ತಿರುಗಿಯೇ ಬಿಟ್ಟಿರುತ್ತದೆ. ಬಿಗಿಯಾದ ಲೈನ್ ಇಳಿಯುವುದಿಲ್ಲ, ಮೇಲೇಳುತ್ತದೆ. ಪಕ್ಕದವರಿಗೆ ಮೀನು ಮೇಲೆ ಮೀನು, ನಿಮಗೆ ಒಂದೂ ಇಲ್ಲ ಅಂದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ. ಫ್ಲೈ ಬಣ್ಣ ಬದಲಿಸುತ್ತಾ ಕೂರಬೇಡಿ, ಲೈನಿನ ತುಂಡು ಬದಲಿಸಿ.

ಹಾಗಾಗಿ ಎರಡು ತುಂಡು ಇಟ್ಟುಕೊಳ್ಳಿ. ಹಗಲಿಗೆ, ಆಳಕ್ಕೆ, ರಭಸದ ನೀರಿಗೆ ಟೈಪ್ 6. ಸಂಜೆಗೆ, ಸೊಂಟದೊಳಗಿನ ನೀರಿಗೆ ಟೈಪ್ 3. ಮೇ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂಕಾಲರ ಮೇಲೆ. ಬೆಳಕು ಇಳಿದಂತೆ ಮೀನು ತಳ ಬಿಟ್ಟು ಮೇಲೆ ಬರುತ್ತದೆ. ಆಗಲೂ ಟೈಪ್ 6 ಹಾಕಿಕೊಂಡೇ ನಿಂತರೆ ಫ್ಲೈ ಮೀನಿನ ಹೊಟ್ಟೆಯ ಕೆಳಗೆ ಹೋಗುತ್ತಿರುತ್ತದೆ. ನದಿಯ ಮೇಲ್ಭಾಗದ ನಿಂಬಸ್ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ. ಜಾಸ್ತಿ ಬಿಟ್ಟಿದ್ದರೆ ಭಾರದ ತುಂಡು, ಕಡಿಮೆ ಇದ್ದರೆ ಹಗುರದ್ದು.

ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಉದ್ದ ಮಾಡಬೇಡಿ. ಟ್ರೌಟಿನ ಅಭ್ಯಾಸದಲ್ಲಿ ಒಂಬತ್ತು ಅಡಿ ಕಟ್ಟುತ್ತಾರೆ. ಲೈನ್ ತಳದಲ್ಲಿ, ಫ್ಲೈ ನಡುನೀರಿನಲ್ಲಿ, ಏನು ಪ್ರಯೋಜನ ಅಲ್ವಾ? ನಾಲ್ಕೈದು ಅಡಿ, ಎಂಟು ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರ ಸಾಕು. ಫ್ಲೈ 6 ಅಥವಾ 8ನೇ ಸೈಜಿನದು, ಲೋಹದ ಮಣಿಸರದ ಕಣ್ಣು ಇರುವುದು. ಗುಲಾಬಿ, ಕಿತ್ತಳೆ, ಕಣ್ಣು ಕುಕ್ಕುವ ಎಳೆ ಹಸಿರು, ಯಾವುದಾದರೂ ಎರಡು ಬಣ್ಣ ಇಟ್ಟುಕೊಳ್ಳಿ. ಗಾಳದ ತುದಿಯ ಹಿಂದಿನ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿಬಿಡಿ. ಇದೇ ನೀರಿನಲ್ಲಿ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಬರುವ ಟ್ರೌಟ್) ಕೂಡ ಓಡಾಡುತ್ತದೆ, ಅದು ಸಿಕ್ಕಿಕೊಂಡರೆ ಗಾಯವಾಗದಂತೆ ಬಿಡಿಸಿ ಬಿಡಬಹುದು.

ಬೀಸುವುದು ಹೀಗೆ. ಅಡ್ಡಡ್ಡ, ಚೂರು ಕೆಳಮುಖವಾಗಿ ಎಸೆಯಿರಿ. ಕೂಡಲೇ ರಾಡಿನ ತುದಿಯಿಂದ ಲೈನನ್ನು ಎತ್ತಿ ಮೇಲ್ಹರಿವಿನ ಕಡೆ ಹಾಕಿ. ಆಗ ಲೈನ್ ಸಡಿಲವಾಗಿ ಇಳಿಯುತ್ತದೆ. ಆಮೇಲೆ ಮುಟ್ಟಬೇಡಿ, ನದಿಯೇ ಫ್ಲೈಯನ್ನು ಕಮಾನಿನಂತೆ ತಿರುಗಿಸಿ ನಿಮ್ಮ ಕೆಳಗೆ ತಂದು ನಿಲ್ಲಿಸುತ್ತದೆ. ಅಲ್ಲಿ ನಿಂತಾಗ ಎಳೆದುಕೊಳ್ಳುವ ಆತುರ ಬೇಡ, ಹತ್ತು ಎಣಿಸಿ. ಎಷ್ಟೋ ಶ್ಯಾಡ್ ಕಚ್ಚುವುದು ಫ್ಲೈ ಆಗಷ್ಟೇ ಮೇಲೇಳುವಾಗ. ಕಚ್ಚಿದ್ದು ಟಕ್ ಅಂತ ಬೆರಳಿಗೆ ಗೊತ್ತಾಗುತ್ತದೆ. ರಾಡನ್ನು ಜಗ್ಗಬೇಡಿ, ಎಡಗೈಯಲ್ಲಿ ಲೈನ್ ಬಿಗಿ ಮಾಡಿದರೆ ಸಾಕು. ಒಮ್ಮೊಮ್ಮೆ ಫ್ಲೈ ತಳದ ಕಲ್ಲಿಗೆ ತಟ್ಟುತ್ತಿದ್ದರೆ ಆಳ ಸರಿಯಿದೆ. ಪ್ರತಿ ಸಲ ಸಿಕ್ಕಿಕೊಂಡರೆ ಹಗುರದ ತುಂಡಿಗೆ ಬನ್ನಿ, ಒಮ್ಮೆಯೂ ತಟ್ಟದಿದ್ದರೆ ಭಾರದ್ದು ಹಾಕಿ.

ನಮ್ಮ ಮನೆಯವರು ಸ್ಪಿನ್ನಿಂಗ್ ರಾಡಿನಲ್ಲಿ ಸೀಸದ ಡಾರ್ಟ್ (ಭಾರದ ಪುಟ್ಟ ಗಾಳ) ಎಸೆದು ನನಗಿಂತ ಜಾಸ್ತಿ ಹಿಡಿಯುತ್ತಾರೆ. ಅದು ಬೇರೆ ಮಾತು.

ಹದಿನಾರು ವಯಸ್ಸು ತುಂಬಿದವರಿಗೆ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಬೇಕು. ದಿನಕ್ಕೆ ಎಷ್ಟು ಮೀನು, ಯಾವ ಜಾಗ ಅನ್ನುವುದನ್ನು ಆಯಾ ವರ್ಷದ ನಿಯಮದಲ್ಲಿ ನೋಡಿ. ನೀರು ಅಣೆಕಟ್ಟಿನ ಆಳದಿಂದ ಬರುವುದು. ದಡದಲ್ಲಿ ಸೆಖೆ ಇದ್ದರೂ ಕಾಲಿಗೆ ಕೊರೆಯುತ್ತದೆ. ತಳದ ಉರುಟು ಕಲ್ಲು ಜಾರುತ್ತವೆ. ವೇಡರ್ (ನೀರು ಒಳಗೆ ಬಾರದ ಉದ್ದ ಪ್ಯಾಂಟು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಿರಿ, ಲೈಫ್ ಜಾಕೆಟ್ ಹಾಕಿಕೊಳ್ಳಿ, ತೊಡೆ ದಾಟಿ ಇಳಿಯಬೇಡಿ.

ತುಂಡು ಮನೆಗೆ ತಂದ ದಿನವೇ ಒಂದು ಕೆಲಸ ಮಾಡಿ. ಮುಳುಗುವ ಲೈನ್‌ಗಳು ಬಹಳಷ್ಟು ಒಂದೇ ಥರ ಕಪ್ಪಗಿರುತ್ತವೆ. ಪಕ್ಕದ ತೇಲುವ ಲೈನಿನ ತುದಿಯಲ್ಲಿ ಗುರುತು ಹಾಕಿ ಪ್ರಯೋಜನವಿಲ್ಲ, ತುಂಡಿನ ಕುಣಿಕೆಯ ಬುಡಕ್ಕೇ ಬಿಳಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಟೈಪ್ 3ಕ್ಕೆ ಒಂದು ಗೆರೆ, ಟೈಪ್ 6ಕ್ಕೆ ಎರಡು. ಎಂಟೂವರೆ ಗಂಟೆಯ ಮಬ್ಬಿನಲ್ಲಿ, ಮೊಣಕಾಲು ನೀರಿನಲ್ಲಿ ನಿಂತು, ಯಾವುದು ಯಾವುದು ಅಂತ ಹುಡುಕುವ ಪಾಡು ತಪ್ಪುತ್ತದೆ.