ಮೀಟರಿಗೆ ಕಾಣದ ವಾಹಕತೆ: ನ್ಯಾನೊಟ್ಯೂಬ್ ಬಿಲ್ಲೆಗಳನ್ನು ಮೈಕ್ರೊವೇವ್‌ನಲ್ಲಿ ಅಳೆದ ನನ್ನ ಅನುಭವ

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೈಕ್ರೊವೇವ್ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿರುವ ನಾನು, ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ನಳಿಕೆಗಳು) ಬೆರೆಸಿದ ಎಪಾಕ್ಸಿ ಎಂಬ ರಾಳದ ವಾಹಕತೆಯನ್ನು ಅಳೆಯಲು ಹೊರಟಾಗ, ಮೊದಲು ಕೈಗೆತ್ತಿಕೊಂಡಿದ್ದು ಸಾಧಾರಣ ಮಲ್ಟಿಮೀಟರನ್ನೇ. ತೂಕದಲ್ಲಿ ಶೇಕಡ ಅರ್ಧದಷ್ಟು ಮಾತ್ರ ನ್ಯಾನೊಟ್ಯೂಬ್ ಇದ್ದ ಆ ಕಪ್ಪು ಬಿಲ್ಲೆಗೆ ಎರಡೂ ಪ್ರೋಬ್ ಮುಟ್ಟಿಸಿದರೆ ಮೀಟರು ಏನೂ ತೋರಿಸಲಿಲ್ಲ. ಆದರೆ ಅದೇ ಬಿಲ್ಲೆಯನ್ನು ನಮ್ಮ ಹಳೆಯ ಕ್ಲೈಸ್ಟ್ರಾನ್ (ಮೈಕ್ರೊವೇವ್ ಹುಟ್ಟಿಸುವ ನಿರ್ವಾತ ಕೊಳವೆ) ಬೆಂಚಿನ, ತರಂಗ ಹಾಯುವ ಆಯತಾಕಾರದ ಲೋಹದ ಕೊಳವೆಯಾದ ವೇವ್‌ಗೈಡ್‌ನೊಳಗೆ ಕೂರಿಸಿ 10 ಗಿಗಾಹರ್ಟ್ಸ್ ಸುಮಾರಿನ ತರಂಗವನ್ನು ಹಾಯಿಸಿದಾಗ, ಬರಿಯ ಎಪಾಕ್ಸಿಗೆ ಅಷ್ಟಾಗಿ ಕದಲದಿದ್ದ ಡಿಟೆಕ್ಟರಿನ ಮುಳ್ಳು ಥಟ್ಟನೆ ಕೆಳಗಿಳಿಯಿತು. ಅಂದರೆ ಆ ಬಿಲ್ಲೆ ವಾಹಕದಂತೆ ತರಂಗವನ್ನು ತಡೆದಿತ್ತು.

ಇದಕ್ಕೆ ಕಾರಣ ನಳಿಕೆಗಳ ನಡುವಿನ ಸಂದು. 1991ರಲ್ಲಿ ಸುಮಿಯೊ ಈಜಿಮಾ ವರ್ಣಿಸಿದ ಬಹುಪದರದ ನಳಿಕೆಗಳ ಜಾತಿಗೇ ಸೇರಿದ ನನ್ನ ನಳಿಕೆಗಳು ಒಂದೊಂದಾಗಿ ನೋಡಿದರೆ ಒಳ್ಳೆಯ ವಾಹಕಗಳು. ಎಪಾಕ್ಸಿಯಲ್ಲಿ ಹರಡಿದಾಗ ಮಾತ್ರ ಪಕ್ಕಪಕ್ಕದ ನಳಿಕೆಗಳ ನಡುವೆ ತೆಳುವಾದ ರಾಳದ ಪದರ ಉಳಿದುಬಿಡುತ್ತದೆ. ಆ ಪದರ ಕೆಲವೇ ನ್ಯಾನೊಮೀಟರಿನದಾದರೆ ಎಲೆಕ್ಟ್ರಾನುಗಳು ಸುರಂಗ ಕೊರೆದಂತೆ ದಾಟಬಲ್ಲವು. ಅದಕ್ಕಿಂತ ದಪ್ಪವಾದರೆ ನೇರ ವಿದ್ಯುತ್ತಿಗೆ ದಾರಿ ಮುಚ್ಚಿದಂತೆಯೇ. ಆದರೆ ಎರಡು ವಾಹಕಗಳ ನಡುವೆ ಅವಾಹಕ ಇದ್ದರೆ ಅದು ಕೆಪಾಸಿಟರ್ ತಾನೇ? ಆವರ್ತನ ಏರಿದಷ್ಟೂ ಕೆಪಾಸಿಟರಿನ ತಡೆ ಇಳಿಯುತ್ತದೆ, ಆದ್ದರಿಂದ ಸೆಕೆಂಡಿಗೆ ಸಾವಿರ ಕೋಟಿ ಸಲ ಅತ್ತಿತ್ತ ಹೊಯ್ದಾಡುವ ಕ್ಷೇತ್ರಕ್ಕೆ ಆ ಸಂದು ಅಡ್ಡಿಯಾಗಿ ಉಳಿಯುವುದಿಲ್ಲ. ನಳಿಕೆಗಳು ಒಂದನ್ನೊಂದು ಮುಟ್ಟಿ ಇಡೀ ಬಿಲ್ಲೆಯುದ್ದಕ್ಕೂ ಜಾಲ ಕಟ್ಟುವಷ್ಟು ಪ್ರಮಾಣ ಹೆಚ್ಚಿಸಿದರೆ ಮಲ್ಟಿಮೀಟರೂ ಓದು ಕೊಡತೊಡಗುತ್ತದೆ.

ಬಿಲ್ಲೆ ಎರೆಯುವುದು ತಾಳ್ಮೆಯ ಕೆಲಸ. ನಳಿಕೆಗಳು ಗಂಟುಕಟ್ಟಿಕೊಳ್ಳುವುದರಿಂದ ಅಸಿಟೋನಿನಲ್ಲಿ ಹಾಕಿ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಬಿಡಿಸಬೇಕು. ಅತಿಯಾಗಿ ಬಿಡಿಸಿದರೆ ನಳಿಕೆಗಳೇ ತುಂಡಾಗುತ್ತವೆ. ಅಸಿಟೋನ್ ಪೂರ್ತಿ ಆರದಿದ್ದರೆ ಬಿಲ್ಲೆಯೊಳಗೆ ಗುಳ್ಳೆ ಉಳಿಯುತ್ತವೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹಾರ್ಡನರ್ ಬೆರೆಸಿದ ಎಪಾಕ್ಸಿ ಅಚ್ಚಿಗೆ ಸುರಿಯುವ ಮೊದಲೇ ಗಟ್ಟಿಯಾಗತೊಡಗಿದ್ದರಿಂದ ನಾನು ಬೆಳಗಿನ ಆರು ಗಂಟೆಗೇ ಎರೆಯುವ ರೂಢಿ ಮಾಡಿಕೊಂಡೆ. ಒಣ ನಳಿಕೆಯ ಪುಡಿ ಉಸಿರಿನೊಳಗೆ ಹೋಗಬಾರದು, ಮಾಸ್ಕ್ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಲೇಬಾರದು.

ನಿಖರ ಅಳತೆಗೆ ಪ್ರತಿಫಲಿಸಿದ, ದಾಟಿದ ತರಂಗಗಳನ್ನು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಬೇಕಾಗಿದ್ದರಿಂದ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಮಯ ಕೇಳಿ ಪಡೆದೆ. 8.2ರಿಂದ 12.4 ಗಿಗಾಹರ್ಟ್ಸ್‌ವರೆಗಿನ ಎಕ್ಸ್ ಬ್ಯಾಂಡಿನ ವೇವ್‌ಗೈಡಿನ ಒಳ ಅಳತೆ 22.86 ಮಿ.ಮೀ. ಅಗಲ, 10.16 ಮಿ.ಮೀ. ಎತ್ತರ, ಬಿಲ್ಲೆಗಳನ್ನು ಈ ಅಳತೆಗೆ ಕತ್ತರಿಸಿ, ದಪ್ಪವನ್ನು 2 ಮಿ.ಮೀ.ಗೆ ಇಟ್ಟುಕೊಂಡಿದ್ದೆ. ಪ್ರತಿಫಲಿಸಿದ ಮತ್ತು ದಾಟಿಹೋದ ತರಂಗಗಳಿಂದ ಪರ್ಮಿಟಿವಿಟಿಯನ್ನು, ಅಂದರೆ ವಿದ್ಯುತ್ ಕ್ಷೇತ್ರಕ್ಕೆ ವಸ್ತು ತೋರುವ ಪ್ರತಿಕ್ರಿಯೆಯ ಅಳತೆಯನ್ನು, ಲೆಕ್ಕಹಾಕಲು 1970ರಲ್ಲಿ ನಿಕೋಲ್ಸನ್ ಮತ್ತು ರಾಸ್, 1974ರಲ್ಲಿ ವೀರ್ ಕೊಟ್ಟ ವಿಧಾನವನ್ನೇ ಬಳಸಿದೆ. ಪರ್ಮಿಟಿವಿಟಿಗೆ ಎರಡು ಭಾಗ: ಶಕ್ತಿ ಕೂಡಿಡುವ ನೈಜ ಭಾಗ, ಶಕ್ತಿ ಕಳೆಯುವ ನಷ್ಟದ ಭಾಗ. ನಷ್ಟದ ಭಾಗವನ್ನು 10 ಗಿಗಾಹರ್ಟ್ಸ್‌ನಲ್ಲಿ 0.556ರಿಂದ ಗುಣಿಸಿದರೆ ವಾಹಕತೆ ಸಿಗುತ್ತದೆ, ಮೀಟರಿಗೆ ಇಷ್ಟು ಸೀಮೆನ್ಸ್ ಎಂದು. ಈ ಅಂಕಿಯಲ್ಲಿ ನಿಜವಾಗಿ ಹರಿದ ವಿದ್ಯುತ್ತಿನ ಜೊತೆಗೆ ಧ್ರುವೀಕರಣದ (ಕ್ಷೇತ್ರಕ್ಕೆ ತಕ್ಕಂತೆ ಆವೇಶಗಳು ಇದ್ದಲ್ಲೇ ಅಲುಗುವ) ನಷ್ಟವೂ ಸೇರಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುತ್ತೇನೆ.

ಹೆಚ್ಚು ನಳಿಕೆ ಹಾಕಿದ ಒಂದೇ ಎರಕದಿಂದ ತೆಗೆದ ಎರಡು ಬಿಲ್ಲೆಗಳು ಪರಸ್ಪರ ಬಹಳ ದೂರದ ಓದುಗಳನ್ನು ಕೊಟ್ಟವು. ನಳಿಕೆ ಸಮನಾಗಿ ಹರಡಿಲ್ಲವೆಂದು ತಿಳಿದು ಎರಡು ತಿಂಗಳು ಮತ್ತೆ ಮತ್ತೆ ಎರೆದೆ, ವ್ಯತ್ಯಾಸ ಹೋಗಲಿಲ್ಲ. ಕೊನೆಗೆ ಬಿಲ್ಲೆಗಳನ್ನೂ ವೇವ್‌ಗೈಡಿನ ತುಂಡನ್ನೂ ನಮ್ಮ ಅಚ್ಚು ಮಾಡಿಕೊಟ್ಟಿದ್ದ ಲೇತ್ ಅಂಗಡಿಯ ಹಿರಿಯರ ಬಳಿಗೆ ಒಯ್ದೆ. ಅವರು ಬಿಲ್ಲೆಯನ್ನು ತುಂಡಿನೊಳಗಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರು. ಅದು ಸದ್ದಿಲ್ಲದೆ ಜಾರಿತು. "ಸಾರ್, ಇದು ಆಡ್ತೈತೆ ನೋಡ್ರಿ" ಎನ್ನುತ್ತಾ ಸಂದು ಅಳೆಯುವ ಫೀಲರ್ ಗೇಜಿನ 0.10 ಮಿ.ಮೀ. ಎಲೆಯನ್ನು ಬಿಲ್ಲೆಯ ಮೇಲಂಚಿಗೂ ಗೋಡೆಗೂ ನಡುವೆ ಇಟ್ಟರು. ಎಲೆ ಸಲೀಸಾಗಿ ಒಳಗೆ ಹೋಯಿತು.

ವೇವ್‌ಗೈಡಿನಲ್ಲಿ ವಿದ್ಯುತ್ ಕ್ಷೇತ್ರ ನಿಲ್ಲುವುದು ಅಗಲದ ಎರಡು ಗೋಡೆಗಳ ನಡುವೆ, ಮೇಲಿನಿಂದ ಕೆಳಕ್ಕೆ. ಮೇಲಂಚಿನಲ್ಲಿ ಗಾಳಿಯ ಸಂದು ಉಳಿದರೆ ಅದು ಬಿಲ್ಲೆಯ ಜೊತೆ ಸರಣಿಯಲ್ಲಿ ನಿಂತ ಕೆಪಾಸಿಟರ್ ಆಗುತ್ತದೆ. ಅದೇ ಸಂಜೆ ಲೆಕ್ಕಕ್ಕೆ ಕುಳಿತೆ: ಪರ್ಮಿಟಿವಿಟಿಯ ನೈಜ ಭಾಗ 30, ನಷ್ಟದ ಭಾಗ 20 ಇರುವ ವಸ್ತುವಿಗೆ 0.1 ಮಿ.ಮೀ. ಸಂದು ಬಿಟ್ಟರೆ ನೈಜ ಭಾಗ ಸುಮಾರು 25ಕ್ಕೆ ಇಳಿಯುತ್ತದೆ, ನಷ್ಟದ ಭಾಗವಾದರೋ 12ಕ್ಕಿಂತ ಕೆಳಗೆ ಹೋಗುತ್ತದೆ. ಅಂದರೆ ಮೀಟರಿಗೆ 11 ಸೀಮೆನ್ಸ್ ಇರಬೇಕಾದ ವಾಹಕತೆ 6.5 ಎಂದು ಕಾಣುತ್ತದೆ. ಎತ್ತರದಲ್ಲಿ ನೂರಕ್ಕೆ ಒಂದು ಪಾಲಿನ ಸಂದು ವಾಹಕತೆಯ ನೂರಕ್ಕೆ ನಲವತ್ತು ಪಾಲನ್ನು ನುಂಗಿತ್ತು. ನಳಿಕೆಗಳ ನಡುವೆ ತರಂಗಕ್ಕೆ ದಾರಿ ಮಾಡಿಕೊಟ್ಟ ಕೆಪಾಸಿಟರೇ ಗೋಡೆಯ ಬಳಿ ನಿಂತು ನನ್ನ ಅಳತೆಯನ್ನು ಕೆಡಿಸಿತ್ತು. ಬಿಲ್ಲೆ ಹೆಚ್ಚು ವಾಹಕವಾದಷ್ಟೂ ಈ ತಪ್ಪು ದೊಡ್ಡದಾಗುತ್ತದೆ. ಕಡಿಮೆ ನಳಿಕೆಯ ಬಿಲ್ಲೆಗಳಲ್ಲಿ ಅದು ನನ್ನ ಕಣ್ಣಿಗೆ ಬೀಳದೆ ಹೋದದ್ದು ಆದ್ದರಿಂದಲೇ.

ಈಗ ಬಿಲ್ಲೆಯನ್ನು ತುಸು ದೊಡ್ಡದಾಗಿಯೇ ಎರೆದು, ಉಪ್ಪುಕಾಗದವನ್ನು ಗಾಜಿನ ಮೇಲೆ ಹಾಸಿ, ಬೆರಳಿನಿಂದ ಒತ್ತಿದರೆ ಮಾತ್ರ ಒಳಗೆ ಹೋಗುವಷ್ಟು ಬಿಗಿಯಾಗುವವರೆಗೆ ಉಜ್ಜುತ್ತೇನೆ. ಅನಂತರ ಉಳಿದ ಸಂದನ್ನು ಮುಚ್ಚಲು ಮೇಲಂಚು ಕೆಳಂಚುಗಳಿಗೆ ಮಾತ್ರ ಬೆಳ್ಳಿಯ ಪೇಂಟನ್ನು ಸಣ್ಣ ಕುಂಚದಿಂದ ಹಚ್ಚುತ್ತೇನೆ. ಒಂದು ಗೆರೆ ಮುಂಭಾಗಕ್ಕೆ ಹರಿದರೂ ಬಿಲ್ಲೆಯ ಬದಲು ಬೆಳ್ಳಿಯನ್ನೇ ಅಳೆದಂತಾಗುತ್ತದೆ. ಅನಲೈಸರಿನ ಮುಂದೆ ಕುಳಿತಾಗ ಕ್ಯಾಲಿಬ್ರೇಷನ್ ಆದ ಮೇಲೆ ಮೊದಲು ಟೆಫ್ಲಾನ್ ತುಂಡನ್ನು ಇಡುತ್ತೇನೆ; ಅದರ ಪರ್ಮಿಟಿವಿಟಿ 2.05ರ ಆಸುಪಾಸು ಬಾರದಿದ್ದರೆ ಕ್ಯಾಲಿಬ್ರೇಷನ್ನನ್ನೇ ಮತ್ತೆ ಮಾಡುತ್ತೇನೆ. ಹೀಗೆ ಅಳೆದಾಗ ಒಂದೇ ಎರಕದ ಎರಡು ಹೊಸ ಬಿಲ್ಲೆಗಳ ಗೆರೆಗಳು ಪರದೆಯ ಮೇಲೆ ಒಂದರ ಮೇಲೊಂದು ಕೂತವು. ಹಳೆಯ ಪುಸ್ತಕದ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಶೇಕಡ ಅರ್ಧದ ಬಿಲ್ಲೆಯಿಂದಲೇ ಮತ್ತೆ ಎರೆಯಲು ತೊಡಗಿದ್ದೇನೆ.